ಕೊಡುವ ಕೈಯ ವಿವೇಕ: ಬಾಸೆಲ್ ಮಿಶನ್ ಮತ್ತು ಕನ್ನಡ ನಾಡಿನ ಧರ್ಮಕಾರ್ಯ

ಬೇಡಿದವನಿಗೆ ಇಲ್ಲವೆನ್ನಬಾರದೆಂಬ ಬೋಧೆ ಮತ್ತು ದುಡಿಯಲೊಲ್ಲದವನಿಗೆ ಊಟದ ಹಕ್ಕಿಲ್ಲವೆಂಬ ಶಿಸ್ತು, ಇವೆರಡೂ ಕ್ರೈಸ್ತ ಪರಂಪರೆಯಲ್ಲಿ ಒಟ್ಟಿಗೇ ಬಂದಿವೆ. ಮೊದಲನೆಯದು ಮತ್ತಾಯನ ಸುವಾರ್ತೆಯಲ್ಲಿನ ಪರ್ವತ ಪ್ರಸಂಗದ್ದು. ಎರಡನೆಯದು ಪೌಲನು ಥೆಸಲೋನಿಕದ ಸಭೆಗೆ ವಿಧಿಸಿದ್ದು. ಕರುಣೆಗೂ ಎಚ್ಚರಕ್ಕೂ ನಡುವಿನ ಈ ಬಿಗುವು ಕನ್ನಡ ನಾಡಿನಲ್ಲಿ ಒಂದು ಸಂಸ್ಥೆಯ ದೈನಂದಿನ ಸಮಸ್ಯೆಯಾಗಿ ಪರಿಣಮಿಸಿದ ಪ್ರಸಂಗ ಬಾಸೆಲ್ ಮಿಶನ್ನಿನದು.

1834ರಲ್ಲಿ ಹೆಬಿಕ್, ಲೇನರ್ ಮತ್ತು ಗ್ರೈನರ್ ಮಂಗಳೂರಿಗೆ ಬಂದಿಳಿದರು. ಮುಂದಿನ ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ಮಿಶನ್ನಿನ ಠಾಣೆಗಳು ಸ್ಥಾಪನೆಯಾದವು. ದೀಕ್ಷಾಸ್ನಾನ ಪಡೆದವರು ಜಾತಿಯಿಂದ ಹೊರಬಿದ್ದರು. ಅನೇಕರಿಗೆ ಮನೆ, ಗೇಣಿ ಭೂಮಿ, ಕುಲದ ಕಸುಬುಗಳೂ ತಪ್ಪಿದವು. ಮದ್ಯವನ್ನು ಮಿಶನ್ ಒಪ್ಪದಿದ್ದುದರಿಂದ, ಮೂರ್ತೆಯ ಕಸುಬಿನಿಂದ ಬದುಕುತ್ತಿದ್ದ ಬಿಲ್ಲವ ಕುಟುಂಬಗಳು ಹೊಸ ಧರ್ಮದೊಡನೆ ಆ ಆದಾಯವನ್ನೂ ಬಿಡಬೇಕಾಯಿತು. ಅನ್ನಕ್ಕಾಗಿ ಮತಾಂತರವೆಂಬ ಆರೋಪ ಆ ಕಾಲದಿಂದಲೂ ಕೇಳಿಬಂದಿದೆ. ಆದರೆ ಇಲ್ಲಿ ಕಾರ್ಯಕಾರಣಗಳ ಕ್ರಮ ಅಷ್ಟು ಸರಳವಲ್ಲ. ಬಡತನವು ಕೆಲವರನ್ನು ಮಿಶನ್ನಿನ ಬಾಗಿಲಿಗೆ ತಂದಿರಬಹುದು. ಆದರೆ ಬಾಗಿಲು ದಾಟಿದ್ದರಿಂದಲೇ ಬಡವರಾದವರೂ ಇದ್ದರು. ಅವರ ಜೀವನೋಪಾಯದ ಹೊಣೆಯಿಂದ ಮಿಶನ್ ನುಣುಚಿಕೊಳ್ಳುವಂತಿರಲಿಲ್ಲ.

ಈ ಹೊಣೆಯನ್ನು ಹೊರುವ ಮೊದಲ ಪ್ರಯತ್ನಗಳಲ್ಲೊಂದು ಗದಗ-ಬೆಟಗೇರಿಯ ಸಮೀಪದ ಮಲಸಮುದ್ರದ್ದು. ಹುಬ್ಬಳ್ಳಿಯ ಸುತ್ತಮುತ್ತ ಕಾಲಜ್ಞಾನದ ಪರಂಪರೆಗೆ ಸೇರಿದ ಕೆಲವರು ಮಿಶನರಿಗಳಲ್ಲಿ ಆಸಕ್ತಿ ತೋರಿದಾಗ, ದೊಡ್ಡ ಸಮುದಾಯವೇ ಬರಲಿದೆಯೆಂಬ ನಿರೀಕ್ಷೆ ಮೂಡಿತು. 1841ರಲ್ಲಿ ಮಲಸಮುದ್ರದಲ್ಲಿ ಒಂದು ಕೃಷಿ ವಸಾಹತು ಆರಂಭವಾಯಿತು. ನಿರೀಕ್ಷಿಸಿದ ಜನ ಬರಲಿಲ್ಲ. ಸುಮಾರು ಒಂದು ದಶಕದ ನಂತರ ವಸಾಹತನ್ನು ಕೈಬಿಡಲಾಯಿತು. ಇದನ್ನು ಜನರ ವಂಚನೆಯೆಂದು ಓದುವುದು ಸುಲಭ. ಆದರೆ ಕಾಲಜ್ಞಾನದವರು ಬರಲಿರುವ ಧರ್ಮಪುರುಷನನ್ನು ತಮ್ಮದೇ ಪರಿಭಾಷೆಯಲ್ಲಿ ನಿರೀಕ್ಷಿಸುತ್ತಿದ್ದರು. ಮಿಶನರಿಗಳು ಆ ಮಾತುಗಳಲ್ಲಿ ತಮ್ಮ ನಿರೀಕ್ಷೆಯನ್ನೇ ಕೇಳಿಸಿಕೊಂಡರು. ಹೀಗೆ ನೋಡಿದರೆ ಇಲ್ಲಿ ಸೋತದ್ದು ದಾನವಲ್ಲ, ಅರ್ಥಗ್ರಹಣ.

ಮುಂದಿನ ದಾರಿ ಕೈಗಾರಿಕೆಯದು. 1851ರಲ್ಲಿ ಹಾಲರ್ ಎಂಬ ನೇಕಾರ ಮಂಗಳೂರಿಗೆ ಬಂದು ಯುರೋಪಿನ ಮಗ್ಗಗಳ ನೇಯ್ಗೆಯನ್ನು ರೂಢಿಗೆ ತಂದನು. ಖಾಕಿ ಬಣ್ಣದ ಬಟ್ಟೆಯೊಡನೆ ಅವನ ಹೆಸರು ತಳಕುಹಾಕಿಕೊಂಡಿದೆ. 1865ರಲ್ಲಿ ಪ್ಲೆಬ್ಸ್ಟ್‌ನ ನೇತೃತ್ವದಲ್ಲಿ ಜೆಪ್ಪುವಿನ ಹಂಚಿನ ಕಾರ್ಖಾನೆ ಆರಂಭವಾಯಿತು. ಈ ಉದ್ಯಮಗಳ ಹಿಂದಿನ ತರ್ಕ ಸ್ಪಷ್ಟ. ಕೂಲಿಯು ದಾನವಲ್ಲ, ದುಡಿದು ಪಡೆದವನು ಯಾರಿಗೂ ಋಣಿಯಲ್ಲ. ಅರ್ಹತೆಯನ್ನು ವಿಚಾರಿಸುವ ಮುಜುಗರವೂ ತಪ್ಪುತ್ತದೆ, ಏಕೆಂದರೆ ಕೆಲಸವೇ ವಿಚಾರಣೆಯಾಗುತ್ತದೆ.

ಆದರೆ ಈ ಪರಿಹಾರ ಇನ್ನೊಂದು ಬಗೆಯ ಅವಲಂಬನೆಯನ್ನು ಹುಟ್ಟುಹಾಕಿತು. ಆತ್ಮದ ಪಾಲಕರೂ ಅನ್ನದ ಒಡೆಯರೂ ಒಂದೇ ಸಂಸ್ಥೆಯವರಾದಾಗ, ಸಭೆಯ ಶಿಸ್ತಿಗೆ ಗುರಿಯಾದ ಕಾರ್ಮಿಕನಿಗೆ ಕೆಲಸದ ಭಯವೂ ಸೇರಿಕೊಳ್ಳುತ್ತದೆ. ಬೇಡುವವನು ದಾನಿಯ ಕರುಣೆಯನ್ನು ದುರುಪಯೋಗಪಡಿಸಿಕೊಳ್ಳುವ ಸಾಧ್ಯತೆಯ ಬಗ್ಗೆ ಬಹಳ ಬರೆಯಲಾಗಿದೆ. ದಾನಿಯೇ ಬೇಡುವವನ ಅಗತ್ಯವನ್ನು ದುರುಪಯೋಗಪಡಿಸಿಕೊಳ್ಳುವ ಸಾಧ್ಯತೆಯ ಬಗ್ಗೆ ಕಡಿಮೆ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಮಿಶನರಿಗಳು ದೇಶ ಬಿಡಬೇಕಾಯಿತು. ಉದ್ಯಮಗಳು ಕಾಮನ್‌ವೆಲ್ತ್ ಟ್ರಸ್ಟ್‌ನ ವಶಕ್ಕೆ ಹೋದವು. ಒಡೆತನ ಕೈಬದಲಾಯಿತು, ಕಲಿತ ಕಸುಬು ಕಲಿತವರಲ್ಲೇ ಉಳಿಯಿತು. ಹಂಚಿನ ಉದ್ಯಮ ಅದಾಗಲೇ ಮಿಶನ್ನಿನ ಆವರಣವನ್ನು ಮೀರಿ ಕರಾವಳಿಯ ಸ್ಥಳೀಯ ಉದ್ಯಮಿಗಳ ಕೈಯಲ್ಲೂ ಬೆಳೆದಿತ್ತು.

ಎಚ್ಚರ ಅತಿಯಾದರೆ ಏನಾಗುತ್ತದೆಂಬುದಕ್ಕೆ 1876-78ರ ಬರ, ಜನರ ಬಾಯಲ್ಲಿ ಧಾತು ಸಂವತ್ಸರದ ಬರ, ಸಾಕ್ಷಿ. ಬಳ್ಳಾರಿ, ಧಾರವಾಡ, ಕಲಾದಗಿ ಜಿಲ್ಲೆಗಳೂ ಮೈಸೂರು ಸಂಸ್ಥಾನವೂ ತತ್ತರಿಸಿದವು. 1873-74ರ ಬಿಹಾರದ ಕ್ಷಾಮದಲ್ಲಿ ಧಾರಾಳವಾಗಿ ಖರ್ಚು ಮಾಡಿ ಪ್ರಾಣಹಾನಿ ತಪ್ಪಿಸಿದ ರಿಚರ್ಡ್ ಟೆಂಪಲ್, ಅದಕ್ಕಾಗಿಯೇ ದುಂದುಗಾರನೆಂಬ ಟೀಕೆಗೆ ಗುರಿಯಾಗಿದ್ದನು. 1877ರಲ್ಲಿ ಲಿಟ್ಟನ್ನನ ಪ್ರತಿನಿಧಿಯಾಗಿ ಬಂದಾಗ, ಅರ್ಹರಲ್ಲದವರು ನುಸುಳದಂತೆ ಪರಿಹಾರ ಕಾಮಗಾರಿಗಳ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಅಲ್ಪ ಹಣಕ್ಕೆ ಇಳಿಸಿದನು. ಮದ್ರಾಸಿನ ನೈರ್ಮಲ್ಯ ಆಯುಕ್ತ ಕಾರ್ನಿಶ್ ಇದನ್ನು ವೈದ್ಯಕೀಯ ಆಧಾರದ ಮೇಲೆ ವಿರೋಧಿಸಿದನು; ಕೆಲವೇ ತಿಂಗಳಲ್ಲಿ ಮದ್ರಾಸ್ ಸರ್ಕಾರ ಕೂಲಿಯನ್ನು ಏರಿಸಿತು. ಮೋಸಹೋಗಬಾರದೆಂಬ ಹಟದ ಬೆಲೆಯನ್ನು ಹಸಿದವರು ತೆತ್ತಿದ್ದರು. 1880ರ ಕ್ಷಾಮ ಆಯೋಗವು ಶಕ್ತರಿಗೆ ಕೆಲಸ, ಅಶಕ್ತರಿಗೆ ಉಚಿತ ನೆರವು ಎಂಬ ವಿಭಜನೆಯನ್ನು ನೀತಿಯಾಗಿ ಮುಂದಿಟ್ಟಿತು.

ಈ ಚರ್ಚೆ ಯುರೋಪಿನಿಂದಷ್ಟೇ ಬಂದುದಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಕಾಯಕ ಮತ್ತು ದಾಸೋಹಗಳನ್ನು ಒಂದಕ್ಕೊಂದು ಬೆಸೆದ ಚಿಂತನೆ ಇದೇ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಬಿಡಿಸಿತ್ತು. ದಾನದಲ್ಲಿ ಕೊಡುವವನು ಮೇಲೆ ನಿಲ್ಲುತ್ತಾನೆ. ದಾಸೋಹದಲ್ಲಿ ಅವನು ದಾಸನಾಗುತ್ತಾನೆ. ಅಲ್ಲಿ ಪರೀಕ್ಷೆಗೊಳಗಾಗುವುದು ಪಡೆಯುವವನ ಅರ್ಹತೆಯಲ್ಲ, ಕೊಡುವವನ ಅಹಂಕಾರ ಮತ್ತು ಅವನ ಗಳಿಕೆಯ ಶುದ್ಧಿ. ಆ ಕಲ್ಯಾಣದ ನೆರೆಯಲ್ಲೇ, ಇಂದಿನ ರಾಜ್ಯಗಡಿಯ ಆಚೆ, ನಿಲಂಗಾ ತಾಲೂಕಿನ ಔರಾದ ಶಹಾಜನಿ ಇದೆ. ನಿಲಂಗಾ, ಉದಗೀರ ತಾಲೂಕುಗಳು 1956ರವರೆಗೆ ಬೀದರ ಜಿಲ್ಲೆಯ ಭಾಗಗಳೇ ಆಗಿದ್ದವು.

ಗಡಿಯ ದ್ವಿಭಾಷಿಕ ಪ್ರದೇಶಗಳಿಗೆ ಈ ಇತಿಹಾಸದ ಇನ್ನೊಂದು ಮುಖವೂ ಪ್ರಸ್ತುತ. ನೆರವು ನೀಡುವವನಿಗೆ ಜನರ ಮಾತು ಬಾರದಿದ್ದರೆ ಅವನು ಮಧ್ಯವರ್ತಿಯ ಮಾತನ್ನು ನಂಬಬೇಕು. ಸೋರಿಕೆಯೂ ಸಂಶಯವೂ ಬೆಳೆಯುವುದು ಆ ಅಂತರದಲ್ಲೇ. ಮ್ಯಾನರನ 1886ರ ತುಳು ನಿಘಂಟು ಮತ್ತು ಕಿಟ್ಟೆಲ್ಲನ 1894ರ ಕನ್ನಡ ನಿಘಂಟುಗಳನ್ನು ಭಾಷಾಸೇವೆಯೆಂದಷ್ಟೇ ಎಣಿಸುವುದು ವಾಡಿಕೆ. ಮಲಸಮುದ್ರದ ಸೋಲಿನ ಪಕ್ಕದಲ್ಲಿಟ್ಟು ನೋಡಿದರೆ ಅವು ಆ ಅಂತರವನ್ನು ಕಿರಿದಾಗಿಸುವ ಸಾಧನಗಳೂ ಹೌದು. ವಿವೇಕವುಳ್ಳ ಧರ್ಮಕಾರ್ಯಕ್ಕೆ ಸಂಶಯಕ್ಕಿಂತ ಪರಿಚಯ ಹೆಚ್ಚು ಬೇಕು. ಪರಿಚಯಕ್ಕೆ ಮೊದಲು ಎದುರಿಗಿರುವವರ ಭಾಷೆ ಬೇಕು.