ಹಿಂದೆ ಕುಳಿತವರು

"ಮುಂದ ಕುಂತಾರಲ್ಲಾ, ಅವರು ಗಂಗೂಬಾಯಾರು, ಗೊತ್ತಾತು. ಹಿಂದ ತಂಬೂರಿ ಹಿಡಕೊಂಡು ಕುಂತಾಕಿ ಯಾರವಾ?"

ಬಹಳ ವರ್ಷಗಳ ಹಿಂದೆ, ಪತ್ರಿಕೆಯಲ್ಲಿ ಬಂದ ಚಿತ್ರವೊಂದನ್ನು ಕಣ್ಣಿಗೆ ಹತ್ತಿರ ಹಿಡಿದು ನಮ್ಮ ಓಣಿಯ ಅಜ್ಜಿಯೊಬ್ಬರು ಕೇಳಿದ ಪ್ರಶ್ನೆ ಇದು. ಮಗಳು ಕೃಷ್ಣಾ, ತಾಯಿಯ ಜೊತೆಗೇ ಹಾಡುತ್ತಾರೆ ಎಂದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ತಾಯಿ ಹೋದ ಊರಿಗೆಲ್ಲಾ ಈಕೀನೂ ಹೋಗ್ಯಾಳ ಅನ್ನು" ಎಂದರು. ಸಂಗೀತದ ಗಂಧವಿಲ್ಲದ ಆ ಅಜ್ಜಿ ಒಂದೇ ಮಾತಿನಲ್ಲಿ ನನಗೆ ಹೊಸ ದಾರಿ ತೋರಿಸಿದರು. ಗಂಗೂಬಾಯಿ ಹಾನಗಲ್ಲರ ಕಛೇರಿಗಳ ಇತಿಹಾಸವನ್ನು ಎಲ್ಲರೂ ವೇದಿಕೆಯ ಮುಂದಿನಿಂದ ಬರೆದಿದ್ದಾರೆ. ವೇದಿಕೆಯ ಹಿಂದಿನಿಂದ ನೋಡಿದರೆ ಅದು ಮೂವರು ಹೆಂಗಸರ ಕಥೆ.

ಗಂಗೂಬಾಯಿಯವರು ಹಾಡುತ್ತ ತಿರುಗಿದ್ದು ಒಂದೆರಡು ವರ್ಷವಲ್ಲ, ಸುಮಾರು ಮುಕ್ಕಾಲು ಶತಮಾನ. 1930ರ ದಶಕದಲ್ಲಿ ಮುಂಬಯಿಯಲ್ಲಿ ಗ್ರಾಮಫೋನ್ ತಟ್ಟೆಗೆ ಹಾಡಿದಂದಿನಿಂದ 2006ರ ಮಾರ್ಚಿನ ಕೊನೆಯ ಕಛೇರಿಯವರೆಗೆ ಮುಂಬಯಿ, ಪುಣೆ, ಕಲಕತ್ತೆ, ದಿಲ್ಲಿ ಎನ್ನುತ್ತ, ಆಮೇಲೆ ಯುರೋಪು, ಅಮೆರಿಕಾ ಎನ್ನುತ್ತ ನಡೆದೇ ಇತ್ತು. ಎಲ್ಲಿಗೆ ಹೋದರೂ ತಿರುಗಿ ಬರುವುದು ಮಾತ್ರ ಹುಬ್ಬಳ್ಳಿಗೆ. ನಮ್ಮ ಕಡೆಯ ಅನೇಕ ಗಾಯಕರು ಹೆಸರು ಬಂದ ಮೇಲೆ ಮುಂಬಯಿ, ಪುಣೆಗಳಲ್ಲಿ ಮನೆ ಮಾಡಿದರು. ಇವರು ದೇಶಪಾಂಡೆ ನಗರದ ತಮ್ಮ 'ಗಂಗಾಲಹರಿ'ಯನ್ನು ಬಿಡಲಿಲ್ಲ.

ಈ ದೊಡ್ಡ ತಿರುಗಾಟ ಶುರುವಾದದ್ದು ಒಬ್ಬ ತಾಯಿ ತನ್ನ ಹಾಡನ್ನು ನಿಲ್ಲಿಸಿದ್ದರಿಂದ. ಗಂಗೂಬಾಯಿ ಹುಟ್ಟಿದ್ದು 1913ರ ಮಾರ್ಚ್ 5ರಂದು, ಧಾರವಾಡದ ಶುಕ್ರವಾರ ಪೇಟೆಯ ಮನೆ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದಲ್ಲಿ ಪಳಗಿದವರು. ಕಿರಾಣಾ ಘರಾಣೆಯ ಮೂಲಪುರುಷ ಅಬ್ದುಲ್ ಕರೀಂ ಖಾನರಂಥವರು ಈ ಕಡೆ ಬಂದಾಗ ಅವರ ಹಾಡು ಕೇಳಲು ಬರುತ್ತಿದ್ದರಂತೆ. ಮಗಳ ಒಲವು ಹಿಂದುಸ್ತಾನಿಯ ಕಡೆ ಎಂದು ಗೊತ್ತಾದಾಗ ಅಂಬಾಬಾಯಿ ಎರಡು ಕೆಲಸ ಮಾಡಿದರು. 1928ರಲ್ಲಿ ಧಾರವಾಡದ ಮನೆ ಬಿಟ್ಟು, ಪಾಠಕ್ಕೆ ಅನುಕೂಲವೆಂದು ಹುಬ್ಬಳ್ಳಿಗೆ ಸಂಸಾರ ತಂದರು. ಮಗಳ ಕಿವಿಗೆ ಎರಡು ಪದ್ಧತಿ ಕಲಸಬಾರದೆಂದು ಮನೆಯಲ್ಲಿ ತಮ್ಮ ಹಾಡನ್ನೇ ನಿಲ್ಲಿಸಿಬಿಟ್ಟರು. ಬಾಯಲ್ಲಿದ್ದ ತುತ್ತನ್ನು ಮಗುವಿಗೆ ಕೊಟ್ಟ ತಾಯಂದಿರನ್ನು ನಾವೆಲ್ಲ ಕಂಡಿದ್ದೇವೆ. ಕೊರಳಲ್ಲಿದ್ದ ರಾಗವನ್ನು ಕೊಟ್ಟ ತಾಯಿ ಈಕೆ. ಮಗಳ ಹೆಸರು ಊರೂರಿಗೆ ಹಬ್ಬಿದ್ದನ್ನು ನೋಡಲು ಅವರು ಉಳಿಯಲಿಲ್ಲ. ಗಂಗೂಬಾಯಿಗೆ ಇಪ್ಪತ್ತು ತುಂಬುವ ಮೊದಲೇ ತೀರಿಕೊಂಡರು.

ಆ ಕಾಲದಲ್ಲಿ ಹೆಣ್ಣುಮಗಳೊಬ್ಬಳು ಹಾಡಲು ಹೊರಟಳೆಂದರೆ ಊರಿನ ನಾಲಿಗೆಗೆ ಕೆಲಸ ಸಿಕ್ಕಂತೆ. ಪಾಠಕ್ಕೆ ಹೋಗುವ ಹುಡುಗಿಯನ್ನು ನೋಡಿ 'ಗಾನೇವಾಲಿ' ಎಂದು ಕೂಗಿ ನಕ್ಕವರಿದ್ದರು. ಅದರ ಮೇಲೆ ಜಾತಿಯ ಮಾತು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಮುಂದೆ ಸ್ವಾಗತಗೀತೆ ಹಾಡಿದ ಹನ್ನೊಂದು ವರ್ಷದ ಹುಡುಗಿಗೆ ಹಾಡಿನ ಚಿಂತೆಗಿಂತ ಊಟದ ಹೊತ್ತಿನ ಚಿಂತೆ ದೊಡ್ಡದಾಗಿತ್ತು. ದೊಡ್ಡವರಾದ ಮೇಲೆ ಅವರೇ ಇದನ್ನು ಹೇಳಿಕೊಂಡಿದ್ದಾರೆ.

ಮೊದಲು ಕೃಷ್ಣಾಚಾರ್ಯರಲ್ಲಿ, ದತ್ತೋಪಂತ ದೇಸಾಯಿಯವರಲ್ಲಿ ಪಾಠವಾಯಿತು. ಬಳಿಕ ಸಿಕ್ಕ ಗುರುಗಳು ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು. ಆದರೆ ಗುರುಗಳೇ ಮರಾಠಿ ನಾಟಕ ಕಂಪನಿಗಳೊಡನೆ ಊರೂರು ಸುತ್ತುವವರು. ರಂಗದ ಮೇಲೆ ಸ್ತ್ರೀಪಾತ್ರ ಮಾಡಿ ಹೆಸರಾದವರು. ಹೆಣ್ಣು ಹೊರಗೆ ಬಂದರೆ ನಗುತ್ತಿದ್ದ ಜನ, ಗಂಡಸು ಹೆಣ್ಣಾಗಿ ಬಂದರೆ ದುಡ್ಡು ಕೊಟ್ಟು ನೋಡುತ್ತಿದ್ದರು. ಅವರು ಊರಿಗೆ ಬಂದಾಗಷ್ಟೇ ಪಾಠ. ಮೂವತ್ತರ ದಶಕದ ಕೊನೆಗೆ ಗುರುಗಳು ಕುಂದಗೋಳದಲ್ಲಿ ನೆಲೆ ನಿಂತ ಮೇಲೆಯೇ ನಿಜವಾದ ತಾಲೀಮು. ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗುವುದು, ಪಾಠ ಮುಗಿಸಿ ಮತ್ತೆ ರೈಲು ಹಿಡಿಯುವುದು. ಅಷ್ಟರಲ್ಲಿ ಅವರಿಗೆ ಮದುವೆಯಾಗಿ ಮಕ್ಕಳಾಗಿದ್ದವು. ಹದಿನಾರನೆಯ ವಯಸ್ಸಿಗೆ ವಕೀಲರಾದ ಗುರುರಾವ್ ಕೌಲಗಿಯವರ ಕೈಹಿಡಿದಿದ್ದರು. ಸಂಸಾರದ ಖರ್ಚಿನ ಭಾರ ಬಹುಪಾಲು ಹಾಡಿನ ಮೇಲೆಯೇ ಬಿತ್ತು. ಹೀಗಾಗಿ ಊರೂರು ತಿರುಗುವುದು ಅವರಿಗೆ ಕೀರ್ತಿಯ ಮಾತಷ್ಟೇ ಅಲ್ಲ, ಒಲೆಯ ಮಾತೂ ಆಗಿತ್ತು.

ಆಗಿನ ಪ್ರಯಾಣವಾದರೂ ಎಂಥದು! ಹುಬ್ಬಳ್ಳಿಯಿಂದ ಹೊರಟ ಮೀಟರ್ ಗೇಜಿನ ಗಾಡಿ ಪುಣೆಯವರೆಗೆ. ಮುಂಬಯಿಗೆ ಹೋಗಬೇಕೆಂದರೆ ಅಲ್ಲಿ ಇಳಿದು ದೊಡ್ಡ ಗಾಡಿ ಹತ್ತಬೇಕು. ಹಾಸಿಗೆ ಸುತ್ತು, ಟ್ರಂಕು, ಬುತ್ತಿಗಂಟು, ನೀರಿನ ಕೂಜಾ, ಇವುಗಳ ಜೊತೆಗೆ ತಂಬೂರಿ. ಮಿರಜಿನ ಕುಶಲಿಗರು ಒಣಗಿದ ಸೋರೆಯ ಬುರುಡೆಯಿಂದ ಮಾಡುವ ವಾದ್ಯ ಅದು. ಒಂದು ಪೆಟ್ಟು ಬಿದ್ದರೆ ಬಿರುಕು. ಕೂಸಿನ ಹಾಗೆ ಅದನ್ನು ಕಾಯಬೇಕು. ಪ್ರಯಾಣ ಗಂಡಸರಿಗೂ ಸುಖದ್ದೇನಲ್ಲ. ಸಾಕ್ಷಾತ್ ಅಬ್ದುಲ್ ಕರೀಂ ಖಾನರು 1937ರಲ್ಲಿ ಪಾಂಡಿಚೇರಿಗೆ ಹೊರಟಿದ್ದಾಗ ದಾರಿಯಲ್ಲಿ ಎದೆನೋವು ಬಂದು, ಮದರಾಸಿನ ಆಚೆಯ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಸ್ಟೇಶನ್ನಿನಲ್ಲಿ ಇಳಿದು ಅಲ್ಲಿಯೇ ಕಣ್ಣುಮುಚ್ಚಿದರು. ಹೆಣ್ಣುಮಗಳಿಗೆ ಇವೆಲ್ಲದರ ಜೊತೆ ಇನ್ನೊಂದು ತೊಡಕು. ಪರವೂರಿನಲ್ಲಿ, ಪರರ ನಡುವೆ, ರಾತ್ರಿ ಸರಿಯುವವರೆಗೆ ಹಾಡುವಾಗ ಜೊತೆಗೆ ಯಾರು?

ಈ ಪ್ರಶ್ನೆಗೆ ಗಂಗೂಬಾಯಿ ಮನೆಯನ್ನೇ ಉತ್ತರವಾಗಿ ಕಟ್ಟಿಕೊಂಡು ಹೊರಟರು. ತಬಲಕ್ಕೆ ಮನೆಯವರೇ ಆದ ಶೇಷಗಿರಿ ಹಾನಗಲ್ಲ. ಹಿಂದೆ ತಂಬೂರಿ ಹಿಡಿದು ದನಿಗೂಡಿಸಲು, ಬೆಳೆದ ಮೇಲೆ, ಮಗಳು ಕೃಷ್ಣಾ.

ಈ ಹೊತ್ತಿಗೆ ಗಂಗೂಬಾಯಿಯವರ ದನಿಯೇ ಬದಲಾಗಿತ್ತು. ಮೊದಮೊದಲ ತಟ್ಟೆಗಳು 'ಗಾಂಧಾರಿ' ಎಂಬ ಹೆಸರಿನಲ್ಲಿ ಹೊರಬಂದಿದ್ದವು. ಅವುಗಳಲ್ಲಿ ಕೇಳುವುದು ತೆಳುವಾದ, ಎತ್ತರದ ಹುಡುಗಿಯ ಕೊರಳು. ಗಂಟಲಿನ ಗಂಟುಗಳ ಬೇನೆ, ಚಿಕಿತ್ಸೆ ಎಲ್ಲ ಆದ ಮೇಲೆ ದನಿ ಇಳಿಯಿತು, ದಪ್ಪವಾಯಿತು, ಗಂಡುದನಿಯಂತಾಯಿತು. ಬೇರೆಯವರಾಗಿದ್ದರೆ ಹಾಡುವುದನ್ನೇ ಬಿಡುತ್ತಿದ್ದರೇನೋ. ಇವರು ತಂಬೂರಿಯ ಪಟ್ಟಿ ಇಳಿಸಿಕೊಂಡು, ಠುಮರಿ, ಭಾವಗೀತೆಗಳನ್ನು ದೂರವಿಟ್ಟು, ಖಯಾಲನ್ನೇ ನೆಚ್ಚಿದರು. ಒಂದೊಂದೇ ಸ್ವರವನ್ನು ನೆಲದಲ್ಲಿ ಬೀಜ ಊರಿದ ಹಾಗೆ ಊರುತ್ತ ಹೋಗುವ ಕಿರಾಣಾದ ಆಲಾಪಕ್ಕೆ ಆ ದನಿ ಹೇಳಿ ಮಾಡಿಸಿದಂತಿತ್ತು.

ಹಿಂದೆ ಕುಳಿತು ಸಾಥ್ ಕೊಡುವುದು ಸುಲಭದ ಕೆಲಸವೆಂದು ನಮಗೆ ಅನಿಸುತ್ತದೆ. ಮುಕ್ಕಾಲು ಗಂಟೆಯ ಖಯಾಲಿನಲ್ಲಿ ಮುಂದಿನವರು ಉಸಿರು ತೆಗೆದುಕೊಳ್ಳುವಾಗ ಷಡ್ಜವನ್ನು ಬೀಳಗೊಡದೆ ಎತ್ತಿ ಹಿಡಿಯಬೇಕು. ಅವರು ಬಿಟ್ಟ ಎಳೆಯನ್ನು ಹಿಡಿದು ನಾಲ್ಕು ಹೆಜ್ಜೆ ನಡೆದು, ಅವರು ಮತ್ತೆ ಬಾಯಿ ತೆರೆದ ಕೂಡಲೇ ಹಿಂದೆ ಸರಿಯಬೇಕು. ಅವರಿಗೆ ಹೊಳೆಯಲಿರುವ ಜಾಗ ಮೊದಲೇ ಹೊಳೆದರೂ ಅಲ್ಲಿಗೆ ಹೋಗಬಾರದು. ತನ್ನ ಕೊರಳಿನ ಪಟ್ಟಿ ಯಾವುದಿದ್ದರೂ ಅವರ ಪಟ್ಟಿಗೆ ಹೊಂದಬೇಕು. ಇದೆಲ್ಲ ಬರಬೇಕಾದರೆ ಮುಂದೆ ಕುಳಿತು ಹಾಡುವಷ್ಟೇ ವಿದ್ಯೆ ಬೇಕು. ಕೃಷ್ಣಾಬಾಯಿಯವರಲ್ಲಿ ಆ ವಿದ್ಯೆ ಇತ್ತು. ಕ್ಯಾಸೆಟ್ಟುಗಳನ್ನು ಕೇಳಿದವರಿಗೆ ತಿಳಿದೀತು: ತಾಯಿಯ ದನಿ ಎಲ್ಲಿ ನಿಂತಿತು, ಮಗಳದು ಎಲ್ಲಿ ಶುರುವಾಯಿತು ಎಂದು ಹೊಲಿಗೆ ಕಾಣುವುದೇ ಇಲ್ಲ.

ಗಂಗೂಬಾಯಿ ಒಂದು ಮಾತು ಹೇಳುತ್ತಿದ್ದರು. ಹಾಡುವ ಗಂಡಸು ಮುಸಲ್ಮಾನನಾದರೆ ಉಸ್ತಾದನಾಗುತ್ತಾನೆ, ಹಿಂದುವಾದರೆ ಪಂಡಿತನಾಗುತ್ತಾನೆ, ಕೇಸರಬಾಯಿ, ಮೊಗೂಬಾಯಿಯಂಥ ಹೆಂಗಸರು ಮಾತ್ರ ಬಾಯಿಯಾಗಿಯೇ ಉಳಿಯುತ್ತಾರೆ ಎಂದು. ಆ ಮಾತಿನ ಖಾರ ಎಲ್ಲರಿಗೂ ತಟ್ಟಿದೆ. ಅಜ್ಜಿಯ ಪ್ರಶ್ನೆ ನೆನಪಾದಾಗ ನಾನು ಅದಕ್ಕೆ ಇನ್ನೊಂದು ಸಾಲು ಸೇರಿಸಿಕೊಳ್ಳುತ್ತೇನೆ. ಬಾಯಿಯ ಹಿಂದೆ ಕುಳಿತ ಮಗಳಿಗೆ ಅಷ್ಟು ಹೆಸರೂ ಸಿಗುವುದಿಲ್ಲ. ತಾಯಿಗೆ 1971ರಲ್ಲಿ ಪದ್ಮಭೂಷಣ, 1973ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, 2002ರಲ್ಲಿ ಪದ್ಮವಿಭೂಷಣ ಬಂದವು. ಅರ್ಹರಿಗೇ ಬಂದವು. ಮಗಳ ಪಾಲಿಗೆ ಬಂದದ್ದು ಹೆಚ್ಚಾಗಿ ತಂಬೂರಿಯ ಭಾರ.

ಇದನ್ನು ತ್ಯಾಗವೆನ್ನಬೇಕೇ, ಪ್ರೀತಿಯೆನ್ನಬೇಕೇ, ಅನ್ಯಾಯವೆನ್ನಬೇಕೇ? ಬಹಳ ದಿನ ಯೋಚಿಸಿದ್ದೇನೆ. ನಮ್ಮ ಮನೆಗಳಲ್ಲಿ ಅತ್ತಿಗೆಯೋ, ದೊಡ್ಡ ಮಗಳೋ, ವಿಧವೆ ಅತ್ತೆಯೋ ಹಿಂದೆ ನಿಂತು ಷಡ್ಜ ಹಿಡಿದಿರುತ್ತಾರೆ. ಅವರು ಉಸಿರು ಬಿಟ್ಟ ದಿನವೇ ಮನೆಗೆ ಗೊತ್ತಾಗುವುದು, ಇಷ್ಟು ದಿನ ಕೇಳುತ್ತಿದ್ದ ಹಾಡು ಇಬ್ಬರದಾಗಿತ್ತೆಂದು.

2003ರಲ್ಲಿ ಗಂಗೂಬಾಯಿ ಕ್ಯಾನ್ಸರನ್ನು ಗೆದ್ದು ಎದ್ದರು. ಮರುವರ್ಷ ಅದೇ ಬೇನೆ ಮಗಳನ್ನು ಕೊಂಡೊಯ್ಯಿತು. 2006ರ ಮಾರ್ಚಿನಲ್ಲಿ, ಹಾಡಲು ತೊಡಗಿ 75 ವರ್ಷವಾದ ನೆನಪಿಗೆ, 93ರ ಗಂಗೂಬಾಯಿ ಕೊನೆಯ ಕಛೇರಿ ಮಾಡಿದರು. ಅಂದು ಹಿಂದಿನ ಜಾಗದಲ್ಲಿ ಕೃಷ್ಣಾ ಇರಲಿಲ್ಲ. ಮೂರು ವರ್ಷದ ಮೇಲೆ, 2009ರ ಜುಲೈ 21ರಂದು, ಹುಬ್ಬಳ್ಳಿಯಲ್ಲಿಯೇ ತಾಯಿಯೂ ಹೊರಟುಹೋದರು. ಕಣ್ಣುಗಳನ್ನು ದಾನ ಮಾಡಿದ್ದರು.

ಈಗ ಅವರ ಹಾಡು ಹಚ್ಚಿದಾಗಲೆಲ್ಲ ನಾನು ಒಂದು ಆಟ ಆಡುತ್ತೇನೆ. ಮುಂದಿನ ದನಿಯನ್ನು ಬಿಟ್ಟು ಹಿಂದಿನದನ್ನು ಹುಡುಕುತ್ತೇನೆ. ಅದು ಸಿಕ್ಕ ಮೇಲೆ ಅದರ ಹಿಂದೆ ಇನ್ನೊಂದು ಮೌನ ಕೇಳಿಸುತ್ತದೆ. ಅದು ಶುಕ್ರವಾರ ಪೇಟೆಯಿಂದ ಹೊರಟುಬಂದ ಅಂಬಾಬಾಯಿಯದು. ನೀವೂ ಒಮ್ಮೆ ಹಾಗೆ ಕೇಳಿ ನೋಡಿ.