ಕುಡಿತದ ಮನೆಯ ಮಕ್ಕಳು: ಒಂದು ಅಲಕ್ಷಿತ ಚರಿತ್ರೆ

ಮದ್ಯವ್ಯಸನದ ಚರಿತ್ರೆಯನ್ನು ಬರೆದವರು ಕುಡಿಯುವವನ ದೇಹಸ್ಥಿತಿಯನ್ನೂ ಅವನ ಹೆಂಡತಿಯ ಬವಣೆಯನ್ನೂ ಸಾಕಷ್ಟು ದಾಖಲಿಸಿದ್ದಾರೆ. ಆದರೆ ಅದೇ ಮನೆಯಲ್ಲಿ ಬೆಳೆಯುತ್ತಿದ್ದ ಹರೆಯದ ಮಗನೋ ಮಗಳೋ ಆ ಚರಿತ್ರೆಯೊಳಗೆ ಬಂದದ್ದು ಬಹಳ ತಡವಾಗಿ. 1847ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಹುಟ್ಟಿದ ‘ಬ್ಯಾಂಡ್ ಆಫ್ ಹೋಪ್’ ಎಂಬ ಪಾನವಿರೋಧಿ ಸಂಘವು ಮಕ್ಕಳನ್ನೇ ಸದಸ್ಯರನ್ನಾಗಿ ಸೇರಿಸಿಕೊಂಡಿತಾದರೂ, ಅವರಿಂದ ಅದು ಬಯಸಿದ್ದು ತಾವು ಮದ್ಯ ಮುಟ್ಟುವುದಿಲ್ಲವೆಂಬ ಪ್ರತಿಜ್ಞೆಯನ್ನು. ಈಗಾಗಲೇ ಕುಡಿತಕ್ಕೆ ಬಿದ್ದ ತಂದೆಯೊಡನೆ ಆ ಮಕ್ಕಳು ಹೇಗೆ ಬಾಳಬೇಕೆಂಬುದು ಅದರ ಮುಖ್ಯ ಚಿಂತೆಯಾಗಿರಲಿಲ್ಲ.

ಕುಡಿಯುವವರಿಗೆ ಮಧುಮೇಹವೂ ಇದ್ದಾಗ ಈ ಚರಿತ್ರೆ ಇನ್ನಷ್ಟು ಜಟಿಲವಾಗುತ್ತದೆ. ವಿಚಿತ್ರವೆಂದರೆ, ಒಂದು ಕಾಲದಲ್ಲಿ ಮಧುಮೇಹಿಗಳಿಗೆ ವೈದ್ಯರೇ ಮದ್ಯ ಕೊಡುತ್ತಿದ್ದರು. 1910ರ ದಶಕದಲ್ಲಿ ನ್ಯೂಯಾರ್ಕಿನ ವೈದ್ಯ ಫ್ರೆಡರಿಕ್ ಆಲೆನ್ ರೂಪಿಸಿದ ಉಪವಾಸ ಚಿಕಿತ್ಸೆಯಲ್ಲಿ, ಎಂದರೆ ಮೂತ್ರದಲ್ಲಿ ಸಕ್ಕರೆ ಕಾಣದಾಗುವವರೆಗೆ ರೋಗಿಗೆ ಆಹಾರ ತಡೆಹಿಡಿಯುವ ಕ್ರಮದಲ್ಲಿ, ಕಪ್ಪು ಕಾಫಿಯೊಡನೆ ಅಲ್ಪಸ್ವಲ್ಪ ವಿಸ್ಕಿಗೂ ಅವಕಾಶವಿತ್ತು; ಪಿಷ್ಟವೂ ಸಕ್ಕರೆಯೂ ಇಲ್ಲದೆ ದೇಹಕ್ಕೆ ಶಕ್ತಿ ಒದಗಿಸುವ ಪದಾರ್ಥವೆಂದು ಅದನ್ನು ಆಗ ಎಣಿಸಲಾಗಿತ್ತು. 1922ರ ಜನವರಿಯಲ್ಲಿ ಟೊರಾಂಟೊದ ಆಸ್ಪತ್ರೆಯೊಂದರಲ್ಲಿ 14 ವರ್ಷದ ಲೆನಾರ್ಡ್ ಥಾಂಪ್ಸನ್‌ಗೆ ಇನ್ಸುಲಿನ್ ಚುಚ್ಚಿದ ಮೇಲೆ ಆ ಚಿಕಿತ್ಸೆ ಕ್ರಮೇಣ ಮೂಲೆಗೆ ಸರಿಯಿತು. ಆದರೆ ಇನ್ಸುಲಿನ್ ಬಂದದ್ದರಿಂದ ಚಿಕಿತ್ಸೆಯ ದೈನಂದಿನ ಹೊರೆ ಆಸ್ಪತ್ರೆಯಿಂದ ಮನೆಗೆ ವರ್ಗಾವಣೆಯಾಯಿತು: ಗಾಜಿನ ಸಿರಿಂಜನ್ನು ಕುದಿಸುವುದು, ಮೂತ್ರಕ್ಕೆ ಬೆನೆಡಿಕ್ಟ್ ದ್ರಾವಣ ಬೆರೆಸಿ ಕಾಯಿಸಿ, ನೀಲಿ ಬಣ್ಣ ಹಸಿರಿಗೋ ಇಟ್ಟಿಗೆಗೆಂಪಿಗೋ ತಿರುಗುವುದನ್ನು ನೋಡಿ ಸಕ್ಕರೆಯ ಪ್ರಮಾಣ ಅಂದಾಜಿಸುವುದು, ಹೊತ್ತಿಗೆ ಸರಿಯಾಗಿ ಊಟ ಬಡಿಸುವುದು ಇವೆಲ್ಲ ಮನೆಮಂದಿಯ ಕೆಲಸಗಳಾದವು.

ಈ ಹೊರೆಯ ಅತ್ಯಂತ ಅಪಾಯಕರ ಭಾಗ ಯಕೃತ್ತಿಗೆ ಸಂಬಂಧಿಸಿದ್ದು. ಹೊಟ್ಟೆಗೆ ಆಹಾರ ಬೀಳದಿರುವಾಗ ರಕ್ತಕ್ಕೆ ಸಕ್ಕರೆ ಒದಗಿಸುವುದು ಯಕೃತ್ತಿನ ಕೆಲಸವಾಗಿದ್ದು, ಮದ್ಯವು ಅದು ಹೊಸದಾಗಿ ಸಕ್ಕರೆ ತಯಾರಿಸುವುದನ್ನೇ ತಡೆಯುತ್ತದೆ. ಆದ್ದರಿಂದ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರು ಊಟ ಬಿಟ್ಟು ಕುಡಿದರೆ, ಕುಡಿದ ಹಲವು ಗಂಟೆಗಳ ನಂತರವೂ, ನಿದ್ದೆಯಲ್ಲೂ, ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಆಗ ಕಾಣುವ ತೊದಲು ಮಾತು, ತೂರಾಟ, ಸಿಡುಕು, ಮಂಪರು ಎಲ್ಲವೂ ಅಮಲಿನ ಲಕ್ಷಣಗಳಂತೆಯೇ ಇರುತ್ತವೆ. ರಕ್ತದ ಸಕ್ಕರೆಯನ್ನು ಮನೆಯಲ್ಲೇ ಅಳೆಯುವ ಗ್ಲುಕೋಮೀಟರ್ 1980ರ ದಶಕದಲ್ಲಿ ಬಳಕೆಗೆ ಬರುವ ಮೊದಲು, ಅಪ್ಪ ಕುಡಿದು ಮಲಗಿದ್ದಾನೆಯೋ ಪ್ರಜ್ಞೆ ತಪ್ಪುತ್ತಿದ್ದಾನೆಯೋ ಎಂಬುದನ್ನು ಮನೆಯವರು ಬರಿಗಣ್ಣಿನಿಂದಲೇ ತೀರ್ಮಾನಿಸಬೇಕಿತ್ತು, ಮತ್ತು ಆ ತೀರ್ಮಾನ ಹಲವೊಮ್ಮೆ ಪಕ್ಕದಲ್ಲಿದ್ದ ಮಕ್ಕಳ ಪಾಲಿಗೆ ಬರುತ್ತಿತ್ತು. ವೈದ್ಯನಿಗೂ ಕಠಿಣವಾದ ಈ ನಿರ್ಣಯವನ್ನು ಹದಿಹರೆಯದವರ ಮೇಲೆ ಹೊರಿಸಿ, ಅವರ ‘ವಯಸ್ಸಿಗೆ ಮೀರಿದ ಬುದ್ಧಿ’ಯನ್ನು ನೆಂಟರಿಷ್ಟರು ಹೊಗಳುವುದು ನ್ಯಾಯವೆನಿಸದು.

ಕುಟುಂಬದ ಕಡೆಗೆ ಗಮನ ಹರಿದದ್ದು ಅಮೆರಿಕದಲ್ಲಿ, ಅದೂ ಹಂತಹಂತವಾಗಿ. 1935ರಲ್ಲಿ ಓಹಾಯೋದ ಆಕ್ರನ್ ನಗರದಲ್ಲಿ ಆರಂಭವಾದ ‘ಆಲ್ಕೊಹಾಲಿಕ್ಸ್ ಅನಾನಿಮಸ್’, ಅಂದರೆ ವ್ಯಸನಿಗಳು ಹೆಸರು ಬಹಿರಂಗಪಡಿಸದೆ ಪರಸ್ಪರ ನೆರವಾಗುವ ಕೂಟ, 1939ರಲ್ಲಿ ಪ್ರಕಟಿಸಿದ ಮೂಲಗ್ರಂಥದಲ್ಲಿ ಹೆಂಡತಿಯರಿಗಾಗಿ ಒಂದು ಅಧ್ಯಾಯವಿತ್ತು. ಹೆಂಡತಿಯರ ದನಿಯಲ್ಲಿದ್ದ ಅದನ್ನೂ ಬರೆದವನು ಸ್ಥಾಪಕ ಬಿಲ್ ವಿಲ್ಸನ್ನನೇ. ಮಕ್ಕಳಿಗೆ ಪ್ರತ್ಯೇಕ ಅಧ್ಯಾಯವಿರಲಿಲ್ಲ. 1951ರಲ್ಲಿ ಅವನ ಪತ್ನಿ ಲೋಯಿಸ್ ಮುಂದಾಗಿ ಬಂಧುಗಳಿಗಾಗಿ ‘ಆಲ್-ಅನಾನ್’ ಸಂಘಟಿಸಿದಳು. 1957ರಲ್ಲಿ ಕ್ಯಾಲಿಫೋರ್ನಿಯಾದ 17 ವರ್ಷದ ಹುಡುಗನೊಬ್ಬ ತನ್ನ ವಯಸ್ಸಿನವರನ್ನೇ ಸೇರಿಸಿ ಆರಂಭಿಸಿದ ಕೂಟ ‘ಆಲಟೀನ್’ ಆಗಿ ಬೆಳೆಯಿತು. ಹಿರಿಯರ ಕುಡಿತಕ್ಕೆ ಮಕ್ಕಳು ಕಾರಣರಲ್ಲ, ಅದನ್ನು ಹತೋಟಿಗೆ ತರುವುದಾಗಲಿ ಗುಣಪಡಿಸುವುದಾಗಲಿ ಅವರ ಕೈಯಲ್ಲಿಲ್ಲ ಎಂಬುದು ಇಂಥ ಕೂಟಗಳ ಮುಖ್ಯ ತಿಳಿವಳಿಕೆ. ಬಾಟಲಿ ಬಚ್ಚಿಡುವುದರಲ್ಲಿ, ಮನೆಯ ಮಾನ ಕಾಯುವ ಸುಳ್ಳು ಹೇಳುವುದರಲ್ಲಿ ದಣಿದವರಿಗೆ ಇದು ದೊಡ್ಡ ಬಿಡುಗಡೆ; ಮಧುಮೇಹಿಯ ಮಗುವಿಗಂತೂ ತಂದೆಗೆ ಆರೈಕೆ ಮಾಡುವುದು ಬೇರೆ, ತಂದೆಯ ಕುಡಿತಕ್ಕೆ ಹೊಣೆಯಾಗುವುದು ಬೇರೆ ಎಂಬ ವಿವೇಚನೆ ಇದರಿಂದ ದೊರೆಯುತ್ತದೆ.

ವಿದ್ವತ್ ವಲಯವು ಈ ಮಕ್ಕಳ ಸ್ಥಿತಿಯನ್ನು ಗಂಭೀರವಾಗಿ ಪರಿಗಣಿಸಲು ಆಲಟೀನ್ ಆರಂಭದ ನಂತರ ಇನ್ನೂ 12 ವರ್ಷ ಬೇಕಾಯಿತು. ಇನ್ಸುಲಿನ್ ಹುಟ್ಟಿದ ಟೊರಾಂಟೊದಲ್ಲೇ ಸಮಾಜಕಾರ್ಯಕರ್ತೆ ಮಾರ್ಗರೆಟ್ ಕಾರ್ಕ್ ಕುಡಿತದ ಮನೆಗಳ 115 ಮಕ್ಕಳನ್ನು ಮಾತನಾಡಿಸಿ, 1969ರಲ್ಲಿ ‘ದಿ ಫರ್ಗಾಟನ್ ಚಿಲ್ಡ್ರನ್’ ಎಂಬ ಅಧ್ಯಯನವನ್ನು ಪ್ರಕಟಿಸಿದಳು. ಹೆತ್ತವರ ಕುಡಿತಕ್ಕಿಂತ ಅವರ ಜಗಳವೂ ತಮ್ಮ ಬಗೆಗಿನ ಅನಾದರವೂ ಬಹುಪಾಲು ಮಕ್ಕಳನ್ನು ಹೆಚ್ಚು ನೋಯಿಸಿದ್ದವು.

ಕರ್ನಾಟಕದಲ್ಲಿ ಸರ್ಕಾರ 2007ರ ಜುಲೈ 1ರಿಂದ ಸಾರಾಯಿ ಮಾರಾಟವನ್ನು ನಿಷೇಧಿಸಿತು. ಅಂಗಡಿಯ ಬಾಗಿಲು ಮುಚ್ಚಿಸುವ ನೀತಿಯೊಂದೇ ಕುಡಿತದ ಮನೆಯೊಳಗಿನ ಮಕ್ಕಳನ್ನು ತಲುಪಲಾರದು. ಅವರಿಗೆ ಬೇಕಾದದ್ದು ಮಾತು ಕೇಳಿಸಿಕೊಳ್ಳುವ ಹಿರಿಯರೊಬ್ಬರು. ಮಕ್ಕಳ ಸಹಾಯವಾಣಿ 1098 ಇಂಥವರಿಗಾಗಿಯೂ ಇದೆ; 2022ರ ಅಕ್ಟೋಬರ್‌ನಲ್ಲಿ ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿರುವ ‘ಟೆಲಿ ಮಾನಸ್’ ಮಾನಸಿಕ ಆರೋಗ್ಯ ಸೇವೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೂ ದೊರೆಯುತ್ತದೆ.