ಬಹುಕುಶಲ ಕೆಲಸಗಾರರ ಪಾಳಿ ಮತ್ತು ದಾರಿ ನಿಗದಿ: ವಿಧಾನಗಳ ಇತಿಹಾಸ

ಬೇರೆ ಬೇರೆ ಕೆಲಸ ಬಲ್ಲವರನ್ನು ಬೇರೆ ಬೇರೆ ಊರುಗಳಲ್ಲಿ ಹರಡಿಕೊಂಡ ಕೆಲಸಗಳಿಗೆ ಹಂಚಿ, ಯಾರು ಯಾವ ದಿನ ಯಾವ ದಾರಿ ಹಿಡಿದು ಎಲ್ಲಿಗೆ ಹೋಗಬೇಕೆಂದು ಗೊತ್ತುಮಾಡುವ ಗಣಿತ ಕಾರ್ಯಾಚರಣ ಸಂಶೋಧನೆಯ ಒಂದು ಶಾಖೆ. ವಿದ್ಯುತ್ ಲೈನ್‌ಮನ್‌ಗಳು, ಟೆಲಿಫೋನ್ ದುರಸ್ತಿಯವರು, ಮನೆಮನೆಗೆ ಹೋಗುವ ದಾದಿಯರು, ಕಬ್ಬು ಕಡಿಯುವ ಗ್ಯಾಂಗುಗಳು ಎಲ್ಲರೂ ಈ ಲೆಕ್ಕದೊಳಗೆ ಬರುತ್ತಾರೆ. ಇದರ ಇತಿಹಾಸವನ್ನು ಗಣಕಯಂತ್ರ ಹೇಗೆ ದಿನೇ ದಿನೇ ಚುರುಕಾಯಿತು ಎಂಬ ಕಥೆಯಾಗಿ ಹೇಳುವುದು ವಾಡಿಕೆ. ಆದರೆ ಈ ಶಾಖೆ ಮಗ್ಗುಲು ಬದಲಿಸಿದ ಸಂದರ್ಭಗಳನ್ನು ನೋಡಿದರೆ ಬೇರೆಯೇ ಸಂಗತಿ ಕಾಣುತ್ತದೆ: ಅಲ್ಲಿಯವರೆಗೆ ಯಾರೂ ಲೆಕ್ಕಕ್ಕೆ ಹಿಡಿಯದಿದ್ದ ಒಂದು ನಷ್ಟವನ್ನು ಲೆಕ್ಕದೊಳಗೆ ತಂದಾಗಲೇ ವಿಧಾನವೂ ಬದಲಾಗಿದೆ. ಯಾವ ನಷ್ಟ ಇನ್ನೂ ಹೊರಗೇ ಉಳಿದಿದೆ ಎಂಬುದು ಹಿಪ್ಪರಗಿ ಸುತ್ತಿನ ಕಬ್ಬಿನ ಸೀಮೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಹಿಪ್ಪರಗಿಯಲ್ಲಿ ಕೃಷ್ಣೆಗೆ ಬ್ಯಾರೇಜಿದೆ. ಅದರ ಕೆಳಗಡೆ ಚಿಕ್ಕಪಡಸಲಗಿಯಲ್ಲಿ, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ತಾವೇ ದುಡ್ಡು ಕೂಡಿಸಿ, ಮೈಮುರಿದು ದುಡಿದು 1989ರಲ್ಲಿ ಕಟ್ಟಿಕೊಂಡ ಬ್ಯಾರೇಜಿದೆ; ಅದರ ಹಿನ್ನೀರಿಗೆ ಶ್ರಮಬಿಂದು ಸಾಗರವೆಂದು ಹೆಸರು. ಕೃಷ್ಣಾ, ಘಟಪ್ರಭಾ ನೀರು ಹೊಲಕ್ಕೆ ಬಂದಲ್ಲೆಲ್ಲ ಕಬ್ಬು ಬಂತು, ಕಬ್ಬಿನ ಹಿಂದೆ ಕಾರ್ಖಾನೆಗಳು ಬಂದವು: ಸಮೀರವಾಡಿ, ತಿಮ್ಮಾಪುರದ ರನ್ನನಗರ, ಮುಧೋಳ, ಹಿರೇಪಡಸಲಗಿ, ಸಿದ್ದಾಪುರ, ಬೀಳಗಿ ಬದಿಯ ಬಾಡಗಂಡಿ. ಹಂಗಾಮು ಶುರುವಾದರೆ ಇವು ಹಗಲಿರುಳು ನಿಲ್ಲದೆ ಕಬ್ಬು ಅರೆಯುತ್ತವೆ. ಕಡಿದ ಕಬ್ಬಿನ ಸಕ್ಕರೆಯಂಶ ಗಂಟೆ ಗಂಟೆಗೂ ಇಳಿಯುವುದರಿಂದ ಅದು ಒಂದು ದಿನದೊಳಗೆ ಗಾಣಕ್ಕೆ ಬಿದ್ದರೆ ಒಳ್ಳೆಯದು. ಆದ್ದರಿಂದ ಮೊದಲೇ ಕಡಿದು ಗುಡ್ಡೆ ಹಾಕುವಂತಿಲ್ಲ. ಕಡಿಯುವುದು, ಹೇರುವುದು, ಸಾಗಿಸುವುದು, ಅರೆಯುವುದು ಒಂದರ ಬೆನ್ನಿಗೆ ಒಂದು ನಡೆಯಬೇಕು. ಗ್ಯಾಂಗಿನ ಕೆಲಸವೂ ಒಂದೇ ಬಗೆಯದಲ್ಲ. ಕಬ್ಬನ್ನು ನೆಲಕ್ಕೆ ಸಮನಾಗಿ ಕಡಿಯಬೇಕು. ನಾಲ್ಕು ಬೆರಳು ಮೇಲೆ ಕಡಿದರೆ ಸಕ್ಕರೆ ಹೆಚ್ಚಿರುವ ಬುಡದ ಗಣಿಕೆ ಹೊಲದಲ್ಲೇ ಉಳಿಯುತ್ತದೆ, ಮುಂದಿನ ಕೂಳೆ ಬೆಳೆಯ ಚಿಗುರೂ ಕೆಡುತ್ತದೆ. ರವದಿ ಸುಲಿಯಬೇಕು, ತುದಿ ಸವರಬೇಕು, ಹೊರೆ ಕಟ್ಟಬೇಕು, ತಲೆಯ ಮೇಲೆ ಹೊತ್ತು ಹಲಗೆ ಹತ್ತಿ ಟ್ರೇಲರ್‌ಗೆ ಏರಿಸಬೇಕು, ದಾರಿಯಲ್ಲಿ ಜಾರದಂತೆ ಒಟ್ಟಬೇಕು. ಹೆಚ್ಚಿನ ಗ್ಯಾಂಗುಗಳಲ್ಲಿ ಗಂಡ ಹೆಂಡತಿ ಜೋಡಿಯಾಗಿ ದುಡಿಯುತ್ತಾರೆ. ಕೂಲಿಯ ಲೆಕ್ಕ ಬರೆಯುವುದೂ ಜೋಡಿಗೇ.

ಇಂಥ ಕೆಲಸಕ್ಕೆ ಗಣಿತ ಹಚ್ಚುವ ಯೋಚನೆ ಭಾರತಕ್ಕೆ ಪರದೇಶದಿಂದಲೇ ಬಂದುದಲ್ಲ. 1930ರ ದಶಕದ ಕೊನೆಯಲ್ಲಿ ಪಿ. ಸಿ. ಮಹಾಲನೋಬಿಸ್ ಬಂಗಾಳದಲ್ಲಿ ಸೆಣಬಿನ ಬೆಳೆಯ ಕ್ಷೇತ್ರವನ್ನು ಮಾದರಿ ಸಮೀಕ್ಷೆಯಿಂದ ಅಂದಾಜು ಮಾಡಿಸುತ್ತಿದ್ದರು. ಸಮೀಕ್ಷಕರು ಹೊಲದಿಂದ ಹೊಲಕ್ಕೆ ನಡೆಯುವ ಹೊತ್ತಿಗೂ ದುಡ್ಡು ತೆರಬೇಕಲ್ಲ ಎಂದು ಅವರು ಆ ನಡಿಗೆಯನ್ನೂ ವೆಚ್ಚದ ಸೂತ್ರಕ್ಕೆ ಸೇರಿಸಿದರು. ಒಂದೇ ಸೀಮೆಯೊಳಗೆ ಹರಡಿದ ಬಿಂದುಗಳನ್ನೆಲ್ಲ ಮುಟ್ಟಿ ಬರುವ ದಾರಿ, ಬಿಂದುಗಳ ಸಂಖ್ಯೆಯ ವರ್ಗಮೂಲದಂತೆ ಬೆಳೆಯುತ್ತದೆ ಎಂಬುದು ಅವರ ಅಂದಾಜಿನ ತಿರುಳು. ಹೊಲಗಳು ಎರಡು ಪಟ್ಟಾದರೆ ನಡಿಗೆ ಸುಮಾರು 1.4 ಪಟ್ಟು ಮಾತ್ರ ಆಗುತ್ತದೆ. ಇದೇ ಲೆಕ್ಕವನ್ನು ತಿರುಗಿಸಿ ನೋಡಿದರೆ ನಮ್ಮ ಸೀಮೆಗೆ ಒಂದು ಪಾಠವಿದೆ. ಒಂದೇ ಹಳ್ಳಿಗಳಲ್ಲಿ ಕಬ್ಬು ನೋಂದಾಯಿಸುವ, ಎರಡು ಕಾರ್ಖಾನೆಗಳ ಫೀಲ್ಡ್‌ಮನ್‌ಗಳು ಅರ್ಧರ್ಧ ಹೊಲ ಹಂಚಿಕೊಂಡು ಸುತ್ತಿದರೆ ಇಬ್ಬರ ಒಟ್ಟು ಸುತ್ತಾಟ, ಒಬ್ಬನೇ ಎಲ್ಲ ಹೊಲ ನೋಡುವುದಕ್ಕಿಂತ ಸುಮಾರು ಶೇ. 40ರಷ್ಟು ಹೆಚ್ಚು. ಹೇರಿದ ಟ್ರ್ಯಾಕ್ಟರ್ ನೆಟ್ಟಗೆ ಕಾರ್ಖಾನೆಗೇ ಹೋಗುವುದರಿಂದ ಈ ಲೆಕ್ಕ ಅದಕ್ಕೆ ಹೊಂದದು. ಫೀಲ್ಡ್‌ಮನ್‌ಗೆ, ಹೊಲದಿಂದ ಹೊಲಕ್ಕೆ ಸರಿಯುವ ಗ್ಯಾಂಗಿಗೆ ಹೊಂದುತ್ತದೆ.

ಹೊರಗಿನ ಜಗತ್ತಿನಲ್ಲಿ 1939ರಲ್ಲಿ ಸೋವಿಯತ್ ಗಣಿತಜ್ಞ ಕಾಂತೊರೊವಿಚ್, ಪ್ಲೈವುಡ್ ಕಾರ್ಖಾನೆಯ ಯಾವ ಯಂತ್ರಕ್ಕೆ ಯಾವ ಮರ ಕೊಟ್ಟರೆ ಹುಟ್ಟುವಳಿ ಹೆಚ್ಚುತ್ತದೆ ಎಂಬ ಪ್ರಶ್ನೆಯಿಂದ ರೇಖೀಯ ಯೋಜನೆಯ ಲೆಕ್ಕಕ್ಕೆ ಬಂದರು. ಅಮೆರಿಕದಲ್ಲಿ ಜಾರ್ಜ್ ಡಾಂಟ್ಸಿಗ್ 1947ರಲ್ಲಿ ಸಿಂಪ್ಲೆಕ್ಸ್ ವಿಧಾನ ಕೊಟ್ಟರು. 1959ರಲ್ಲಿ ರಾಮ್ಸರ್ ಜೊತೆ ಸೇರಿ ಪೆಟ್ರೋಲ್ ಹಂಚುವ ಲಾರಿಗಳ ದಾರಿಯ ಸಮಸ್ಯೆಯನ್ನು ಮಂಡಿಸಿದರು. 1964ರಲ್ಲಿ ಕ್ಲಾರ್ಕ್ ಮತ್ತು ರೈಟ್, ಎರಡು ಬೇರೆ ಸುತ್ತುಗಳನ್ನು ಒಂದಾಗಿಸಿದರೆ ಎಷ್ಟು ಉಳಿತಾಯ ಎಂದು ನೋಡುತ್ತ ಹೋಗುವ ಸರಳ ವಿಧಾನ ಸೂಚಿಸಿದರು. ಇಷ್ಟರಲ್ಲೆಲ್ಲ ಎಣಿಕೆಗೆ ಬಂದದ್ದು ಮುಖ್ಯವಾಗಿ ದೂರ ಮತ್ತು ಲಾರಿಯ ಧಾರಣಶಕ್ತಿ. ಸೊಲೊಮನ್ 1987ರಲ್ಲಿ ಪ್ರಕಟಿಸಿದ ಮಾದರಿ ಲೆಕ್ಕಗಳ ನಂತರ, ಗೊತ್ತಾದ ಹೊತ್ತಿನೊಳಗೇ ತಲುಪಬೇಕು ಎಂಬ ಕಟ್ಟಳೆ ಈ ಸಂಶೋಧನೆಯಲ್ಲಿ ಗಟ್ಟಿಯಾಗಿ ನೆಲೆಯೂರಿತು.

ಕುಶಲತೆ ಲೆಕ್ಕಕ್ಕೆ ಬಂದದ್ದು ಬೇರೆ ಬಾಗಿಲಿನಿಂದ. ಒಬ್ಬೊಬ್ಬರಿಗೆ ಒಂದೊಂದು ಕೆಲಸ ಹಂಚುವ ಹಂಗೇರಿಯನ್ ವಿಧಾನವನ್ನು ಹೆರಾಲ್ಡ್ ಕೂನ್ 1955ರಲ್ಲಿ ಕೊಟ್ಟರು. ಅದರಲ್ಲಿ ದಾರಿಯ ಮಾತಿಲ್ಲ. 1990ರ ದಶಕದಲ್ಲಿ ಬ್ರಿಟಿಷ್ ಟೆಲಿಕಾಂನ ಎಂಜಿನಿಯರುಗಳ ದಿನಚರಿ ಹೊಂದಿಸುವಾಗ ಕುಶಲತೆ ಮತ್ತು ದಾರಿ ಎರಡೂ ಒಂದೇ ಲೆಕ್ಕದಲ್ಲಿ ಕೂಡಿದವು. ತ್ಸಾಂಗ್ ಮತ್ತು ವೌದೂರಿಸ್ 1997ರಲ್ಲಿ ಅದಕ್ಕೆ ಸ್ಥಳೀಯ ಹುಡುಕಾಟದ ವಿಧಾನ ಹಚ್ಚಿದರು. ಸಿದ್ಧವಿರುವ ಒಂದು ಪಟ್ಟಿಯಲ್ಲಿ ಅಷ್ಟಿಷ್ಟು ಅದಲುಬದಲು ಮಾಡುತ್ತ ಮೇಲಾದುದನ್ನು ಉಳಿಸಿಕೊಳ್ಳುವುದೇ ಈ ವಿಧಾನ. 2007ರಲ್ಲಿ ಫ್ರಾನ್ಸ್ ಟೆಲಿಕಾಂನ ಸಮಸ್ಯೆಯನ್ನೇ ಮುಂದಿಟ್ಟು ನಡೆದ ಪಂದ್ಯದಲ್ಲಿ ತಂತ್ರಜ್ಞರಿಗೆ ವಿಷಯವಾರು ಕುಶಲತೆಯ ಮಟ್ಟಗಳಿದ್ದವು, ಕೆಲಸ ನೋಡಿ ದಿನದಿನಕ್ಕೆ ತಂಡ ಕಟ್ಟಬೇಕಿತ್ತು. ಕುಶಲತೆ ಸೇರಿದೊಡನೆ ಉತ್ತರ ತಿರುವುಮುರುವಾಗುವುದಕ್ಕೆ ಒಂದು ಚಿಕ್ಕ ಲೆಕ್ಕ ಸಾಕು. ಎರಡು ಹೊಲಗಳಿವೆ ಎಂದುಕೊಳ್ಳೋಣ: ಒಂದು ರಸ್ತೆಯ ಬದಿ, ಇನ್ನೊಂದು ಹೊಳೆದಂಡೆಯ ಹಸಿ ಎರೆಯಲ್ಲಿ. ಟ್ರ್ಯಾಕ್ಟರಿನ ಗ್ಯಾಂಗಿಗೆ ಹೊಳೆಯ ಹೊಲ 2 ಕಿ.ಮೀ., ರಸ್ತೆಯದು 5 ಕಿ.ಮೀ.; ಚಕ್ಕಡಿಯ ಗ್ಯಾಂಗಿಗೆ ರಸ್ತೆಯದು 3, ಹೊಳೆಯದು 4. ದೂರವನ್ನಷ್ಟೇ ನೋಡಿದರೆ ಟ್ರ್ಯಾಕ್ಟರ್ ಹೊಳೆಗೆ, ಚಕ್ಕಡಿ ರಸ್ತೆಗೆ. ಒಟ್ಟು 5 ಕಿ.ಮೀ. ಆದರೆ ಹಸಿ ಎರೆಯಲ್ಲಿ ಹೇರಿದ ಟ್ರ್ಯಾಕ್ಟರ್ ಹೂತುಹೋಗುತ್ತದೆ, ಎಳೆಯಲು ಇನ್ನೊಂದು ಎಂಜಿನ್ ಬೇಕಾಗುತ್ತದೆ. ನಡೆಯುವ ಹಂಚಿಕೆ ಎಂದರೆ ಟ್ರ್ಯಾಕ್ಟರ್ ರಸ್ತೆಗೆ, ಚಕ್ಕಡಿ ಹೊಳೆಗೆ; ಒಟ್ಟು 9 ಕಿ.ಮೀ. ದಾರಿ ಹೆಚ್ಚಾಯಿತು, ಕೆಲಸ ಮಾತ್ರ ಮುಗಿಯಿತು.

ಕಬ್ಬಿನ ಸೀಮೆಯ ಸಮಸ್ಯೆ ಟೆಲಿಫೋನಿನದಕ್ಕಿಂತ ತೊಡಕಿನದು. ಕಾರಣ ಗಣಿತವಲ್ಲ, ದುಡ್ಡಿನ ಹರಿವು. ಮಾದರಿಗಳು ಕೆಲಸಗಾರನನ್ನು ಎಲ್ಲಿಗೆ ಬೇಕಾದರೂ ಕಳಿಸಬಹುದಾದವನೆಂದು ಹಿಡಿಯುತ್ತವೆ. ಗ್ಯಾಂಗು ಹಾಗಲ್ಲ. ಹಂಗಾಮಿಗೆ ಮೊದಲೇ, ಗ್ಯಾಂಗು ಕಟ್ಟುವ ಮುಕಾದಮನ ಕೈಯಿಂದ ಪಡೆದ ಮುಂಗಡ ಅದನ್ನು ಒಂದು ವಾಹನಕ್ಕೆ, ಒಂದು ಕಾರ್ಖಾನೆಗೆ ಕಟ್ಟಿಹಾಕುತ್ತದೆ. ಪಕ್ಕದ ಹೊಲದಲ್ಲಿ ಕಬ್ಬು ಕಡಿಯಲು ಕಾದಿದ್ದರೂ ಅದು ಇನ್ನೊಂದು ಕಾರ್ಖಾನೆಯದಾದರೆ ಗ್ಯಾಂಗು ದಾಟಿಹೋಗಬೇಕು. ಇನ್ನು ಕಾಯುವಿಕೆಗೆ ಮೂವರು ವಾರಸುದಾರರಿದ್ದಾರೆ. ಯಾರ್ಡಿನಲ್ಲಿ ಪಾಳಿ ಹಚ್ಚಿ ನಿಂತ ಟ್ರ್ಯಾಕ್ಟರಿನವನು ಖೇಪು ಕಳೆದುಕೊಳ್ಳುತ್ತಾನೆ. ಖಾಲಿ ಟ್ರೇಲರ್ ಬರುವವರೆಗೆ ಹೊಲದಲ್ಲಿ ಕೂತ ಗ್ಯಾಂಗು ಟನ್ ಲೆಕ್ಕದ ಕೂಲಿ ಕಳೆದುಕೊಳ್ಳುತ್ತದೆ. ಕಟಾವಿನ ಪಾಳಿ ಬಾರದ ರೈತನ ಕಬ್ಬು ಬಿಸಿಲೇರಿದಂತೆ ಒಣಗಿ ತೂಕ ಕಳೆದುಕೊಳ್ಳುತ್ತದೆ. ರೈತನಿಗೆ ಬೆಲೆ ಸಿಗುವುದು ತೂಕದ ಮೇಲೆ. 2009ರಿಂದ ಜಾರಿಯಲ್ಲಿರುವ ನ್ಯಾಯಸಮ್ಮತ ಮತ್ತು ಲಾಭದಾಯಕ ದರ ಜೋಡಿಸಿಕೊಂಡಿರುವುದು ಇಡೀ ಕಾರ್ಖಾನೆಯ ಸರಾಸರಿ ಇಳುವರಿಗೆ. ಹೀಗಾಗಿ ಒಬ್ಬ ರೈತನ ಹೊಲದಲ್ಲಿ ಆರಿಹೋದ ತೂಕ ಕಾರ್ಖಾನೆಯ ಪುಸ್ತಕದಲ್ಲಿ ನಷ್ಟವಾಗಿ ಎಲ್ಲಿಯೂ ಮೂಡುವುದಿಲ್ಲ. ಗಾಣ ಬರಿದಾಗಿ ನಿಂತರೆ ಮಾತ್ರ ಅಲ್ಲಿ ನಷ್ಟ. ಗಾಣ ನಿಲ್ಲದಂತೆ ನೋಡಿಕೊಳ್ಳುವುದೊಂದೇ ಗುರಿಯಾದ ವೇಳಾಪಟ್ಟಿ ಯಾರ್ಡಿನಲ್ಲಿ ಸದಾ ಉದ್ದನೆಯ ಸಾಲು ಇರುವಂತೆ ನೋಡಿಕೊಳ್ಳುತ್ತದೆ. ಅದರ ದೃಷ್ಟಿಯಲ್ಲಿ ಆ ಸಾಲಿಗೆ ವೆಚ್ಚವೇ ಇಲ್ಲ.

ಕಾಯುವಿಕೆಯ ನಷ್ಟವನ್ನೂ ಹಿಡಿದು ಗಣಕಯಂತ್ರದಿಂದ ಕಟಾವಿನ ಪಟ್ಟಿ ಮಾಡಬೇಕೆಂಬುದಕ್ಕೆ ಆಕ್ಷೇಪಗಳಿವೆ, ಹಗುರವಾದವಲ್ಲ. ಹಳೆಯ ಫೀಲ್ಡ್‌ಮನ್‌ಗೆ ಯಾವ ದಾರಿ ಕೆಸರು, ಯಾವ ಹೊಲದ ಬದುವಿನ ಜಗಳ ಇನ್ನೂ ಹರಿದಿಲ್ಲ ಎಂಬುದೆಲ್ಲ ಗೊತ್ತು. ಯಂತ್ರಕ್ಕೆ ಅದು ತಿಳಿಯದು ಎಂಬುದು ಮೊದಲನೆಯದು. ಮಾತು ನಿಜ. ಹಾಗೆಂದೇ ಸ್ಥಳೀಯ ಹುಡುಕಾಟದ ವಿಧಾನಗಳು ಅವನು ಬರೆದ ಪಟ್ಟಿಯಿಂದಲೇ ಶುರುಮಾಡಬಲ್ಲವು. ಅವನಿಗೆ ಆಗದ ಕೆಲಸ ಎಣಿಕೆ: 15 ಹೊಲಗಳನ್ನು ಒಂದರ ನಂತರ ಒಂದು ಕಡಿಯುವ ಕ್ರಮಗಳೇ 1.3 ಲಕ್ಷ ಕೋಟಿಗೂ ಮಿಕ್ಕಿವೆ. ಗಣಕಯಂತ್ರವೂ ಎಲ್ಲವನ್ನೂ ಎಣಿಸುವುದಿಲ್ಲ, ಆದರೆ ಅವನ ಪಟ್ಟಿಗಿಂತ ಒಳ್ಳೆಯದೊಂದು ಇದೆಯೇ ಎಂದು ಸಾವಿರಾರು ಸಲ ತಡಕಬಲ್ಲದು. ಎರಡನೆಯದು ಇನ್ನೂ ಗಟ್ಟಿ: ಯಾರೂ ಹೆಚ್ಚು ಕಾಯದಿರಲೆಂದು ನೆಟ್ಟ ತಾರೀಖಿನ ಪಾಳಿಯನ್ನೇ ಹಿಡಿದರೆ ಮಾಗದ ಕಬ್ಬೂ ಗಾಣಕ್ಕೆ ಬಂದು ಇಳುವರಿ ಬೀಳುತ್ತದೆ, ಕೊನೆಗೆ ಅದರ ಪೆಟ್ಟು ರೈತರ ದರಕ್ಕೇ. ತಳಿ, ನಾಟಿ, ಕೂಳೆ ನೋಡಿ ಮಾಗುವ ಹೊತ್ತು ಬದಲಾಗುವುದು ಸತ್ಯ. ಆಸ್ಟ್ರೇಲಿಯಾದಲ್ಲಿ ಆಂಡ್ರ್ಯೂ ಹಿಗಿನ್ಸ್ ಮತ್ತು ಸಂಗಡಿಗರು ಕಬ್ಬಿನ ಕಟಾವಿನ ಕಾಲ, ಸಾಗಾಣಿಕೆಗಳ ಮೇಲೆ ಕೆಲಸ ಮಾಡಿದಾಗ ಅವರ ಮುಂದೆಯೂ ಇಳುವರಿ ಮತ್ತು ಬೆಳೆಗಾರರ ನಡುವಣ ಸಮಪಾಲಿನ ಪ್ರಶ್ನೆ ಇತ್ತು. ಉತ್ತರವಿರುವುದು ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವುದರಲ್ಲಿ ಅಲ್ಲ. ಮಾಗಿದ ಮೇಲೆ ಯಾರ ಕಬ್ಬೂ ಇಷ್ಟು ದಿನಕ್ಕಿಂತ ಹೆಚ್ಚು ನಿಲ್ಲಬಾರದು ಎಂಬ ಮಿತಿಯನ್ನು ಕಟ್ಟಳೆಯಾಗಿ ಇಟ್ಟು, ಅದರೊಳಗೆ ಇಳುವರಿ ಹೆಚ್ಚಿಸುವ ಕ್ರಮ ಹುಡುಕಬಹುದು. ಗಣಿತಕ್ಕೆ ಇದು ಅಪರೂಪದ್ದೇನಲ್ಲ. ಮಾಗಿ ಮೀರಿದ ಕಬ್ಬು ಕಾರ್ಖಾನೆಗೂ ಲಾಭದ್ದಲ್ಲ.

ಕಟಾವು ಯಂತ್ರ ಬಂದಮೇಲೆ ಗ್ಯಾಂಗೂ ಬೇಡ, ಈ ಲೆಕ್ಕವೂ ಬೇಡ ಎನ್ನುವವರೂ ಇದ್ದಾರೆ. ಯಂತ್ರಕ್ಕೆ ನಾಲ್ಕೈದು ಅಡಿಯ ಸಾಲು ಬೇಕು, ತಿರುಗಲು ಜಾಗ ಬೇಕು, ಒಣಗಿದ ನೆಲ ಬೇಕು. ತುಂಡು ಹೊಲಗಳು, ಹೊಳೆಸಾಲಿನ ಹಸಿ ಎರೆ, ಅಡ್ಡಬಿದ್ದ ಕಬ್ಬು ಇನ್ನೂ ಕೈಗೇ ಉಳಿಯುತ್ತವೆ. ಎಂದರೆ ಹಂಚಬೇಕಾದ ಕುಶಲತೆಗಳ ಸಾಲಿಗೆ ಹೊಸದೊಂದು ಸೇರಿತೇ ಹೊರತು ಹಂಚಿಕೆ ತಪ್ಪಲಿಲ್ಲ. ಸುಲಭದ ಹೊಲಗಳನ್ನು ಯಂತ್ರ ತೆಗೆದುಕೊಂಡು ಕಷ್ಟದವು ಗ್ಯಾಂಗಿಗೆ ಉಳಿದಾಗ ಟನ್ನಿಗೆ ಹಳೆಯ ಕೂಲಿಯೇ ಇದ್ದರೆ ಅದೂ ಲೆಕ್ಕಕ್ಕೆ ಬಾರದ ಇನ್ನೊಂದು ನಷ್ಟವಾಗುತ್ತದೆ.

ಕಾದ ದಿನಗಳನ್ನು ಎಣಿಸದ ಕೊರತೆ ಕಾನೂನಿಗೂ ಇದೆ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಒಪ್ಪಿಸಿದ 14 ದಿನಗಳೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15ರ ಬಡ್ಡಿ ಸೇರಿಸಬೇಕು. ಆ ದಿನಗಳ ಎಣಿಕೆ ಶುರುವಾಗುವುದು ಕಬ್ಬು ಕಾರ್ಖಾನೆಗೆ ಮುಟ್ಟಿದ ಮೇಲೆ. ಅದಕ್ಕೂ ಮೊದಲು ಹೊಲದಲ್ಲಿ ನಿಂತ ದಿನಗಳಿಗೆ ಈ 14 ದಿನಗಳ ಲೆಕ್ಕದಲ್ಲಿ ಜಾಗವಿಲ್ಲ. ಅದನ್ನು ಎಣಿಸಲು ಹೊಸ ದಾಖಲೆ ಹುಟ್ಟಿಸಬೇಕಾಗಿಯೂ ಇಲ್ಲ. ಕಬ್ಬು ನೋಂದಣಿ ಮಾಡುವಾಗ ಫೀಲ್ಡ್‌ಮನ್ ರೈತನ ಹೆಸರು, ಸರ್ವೆ ನಂಬರು, ತಳಿ, ನೆಟ್ಟ ತಾರೀಖು ಬರೆದುಕೊಳ್ಳುತ್ತಾನೆ. ತೂಕದ ಚೀಟಿಯಲ್ಲಿ ಕಬ್ಬು ಬಂದ ದಿನ ಇರುತ್ತದೆ. ಎರಡು ತಾರೀಖುಗಳ ನಡುವಿನ ಅಂತರದಿಂದ ಆ ತಳಿ ಮಾಗುವ ಅವಧಿಯನ್ನು ಕಳೆದರೆ ಪ್ರತಿ ರೈತ ಕಾದ ದಿನಗಳ ಲೆಕ್ಕ ಸಿಗುತ್ತದೆ. ಊರುವಾರು ಅದನ್ನು ಹಂಗಾಮಿನ ನಡುವೆಯೇ ಪ್ರಕಟಿಸಿದರೆ, ಮುಂದಿನ ಹದಿನೈದು ದಿನಗಳ ಕಟಾವು ಪಟ್ಟಿಗೆ ಆ ಅಂಕಿಯನ್ನೇ ಒಂದು ಕಟ್ಟಳೆಯಾಗಿ ಹಾಕಲು ಬರುತ್ತದೆ.